ಪ್ರವೀಣಕುಮಾರರ ಶುದ್ಧ ಪೂರ್ವ

ಪ್ರವೀಣಕುಮಾರರು ಹುಟ್ಟಿದ್ದು ಭಾಲ್ಕಿಯಲ್ಲಿ, ಝೆರಾಕ್ಸ್ ಅಂಗಡಿ ಇಟ್ಟಿದ್ದು ಬೀದರಿನ ನೌಬಾದದಲ್ಲಿ, ದೊಡ್ಡ ಮನುಷ್ಯರಾದದ್ದು ಐದು ದಿನದ ಒಂದು ತರಬೇತಿಯಲ್ಲಿ. ಕಳೆದುಹೋದವರನ್ನು ಹುಡುಕುವ ಸ್ವಯಂಸೇವಕರ ತಂಡಕ್ಕೆ ನಾಯಕರೊಬ್ಬರು ಬೇಕಾಗಿದ್ದರು. ನಕ್ಷೆ ಓದುವುದನ್ನು, ದಿಕ್ಸೂಚಿ ಹಿಡಿದು ನಡೆಯುವುದನ್ನು ಕಲಿಸಿದರು. ಐದನೆಯ ದಿನ ಒಂದು ಪ್ರಮಾಣಪತ್ರ, ಒಂದು ದಿಕ್ಸೂಚಿ ಕೊಟ್ಟರು. ಪ್ರಮಾಣಪತ್ರಕ್ಕೆ ಅವರು ಅಂದೇ ನಲವತ್ತು ಝೆರಾಕ್ಸ್ ತೆಗೆದರು.

ದಿಕ್ಸೂಚಿಯನ್ನು ಕೊರಳಿಗೆ ಹಾಕಿಕೊಂಡರು. ಮದುವೆಗೂ ಹಾಗೆಯೇ ಹೋಗುತ್ತಿದ್ದರು. ಅದನ್ನು ನೋಡಿ ಜನ ವಾಸ್ತು ಕೇಳತೊಡಗಿದರು. ಅವರು ಯಾರಿಗೂ ಇಲ್ಲವೆನ್ನಲಿಲ್ಲ. ಏಪ್ರಿಲ್‌ನಲ್ಲಿ ಅವರ ಬೀಗರು ಭಾಲ್ಕಿಯಲ್ಲಿ ಹೊಸ ಮನೆ ಕಟ್ಟಿಸಿದರು. ಬಾಗಿಲು ಪೂರ್ವಕ್ಕೆ ಇರಬೇಕಿತ್ತು, ಇಪ್ಪತ್ತು ಡಿಗ್ರಿ ದಕ್ಷಿಣಕ್ಕೆ ಹೊರಳಿತ್ತು. ಬಾಗಿಲು ತಿರುಗಿಸುವುದಕ್ಕಿಂತ ದಿಕ್ಸೂಚಿ ತಿರುಗಿಸುವುದು ಸುಲಭ. ಅದಕ್ಕೊಂದು ಸಣ್ಣ ಸ್ಕ್ರೂ ಇರುತ್ತದೆ. ಸೂಜಿಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ವ್ಯತ್ಯಾಸವಿರುವ ಸೀಮೆಗಳಲ್ಲಿ ಅದನ್ನು ತಿರುಗಿಸಿ ಲೆಕ್ಕ ಸರಿಮಾಡುತ್ತಾರೆ. ಬೀದರಿನಲ್ಲಿ ಆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಸ್ಕ್ರೂ ಮುಟ್ಟುವ ಅಗತ್ಯವೇ ಇಲ್ಲ. ಅವರು ಇಪ್ಪತ್ತು ಡಿಗ್ರಿ ತಿರುಗಿಸಿದರು. "ಶುದ್ಧ ಪೂರ್ವ ಅದ ನೋಡ್ರಿ ಬೀಗರ" ಎಂದರು. ಹೋಳಿಗೆ ಉಂಡರು. ಸ್ಕ್ರೂ ಮರೆತರು.

ಮೇ ತಿಂಗಳಲ್ಲಿ ಔರಾದ ತಾಲ್ಲೂಕಿನ ಒಂದು ಹಳ್ಳಿಯಿಂದ ಶಿವಕಾಂತಾ ಎಂಬವರು ಫೋನ್ ಮಾಡಿದರು. ಅವರ ಮಾವ ಮಡೆಪ್ಪನವರಿಗೆ ಎಪ್ಪತ್ತೆಂಟು ವರ್ಷ, ನೆನಪು ಕೆಟ್ಟಿದೆ. ನಸುಕಿನಲ್ಲಿ ಎದ್ದು ಹೋದವರು ತಿರುಗಿ ಬಂದಿಲ್ಲ. ಆ ವಾರ ಹನ್ನೊಂದು ಗಂಟೆಯ ಬಿಸಿಲಿಗೆ ದನಗಳೂ ನೆರಳು ಬಿಟ್ಟು ಏಳುತ್ತಿರಲಿಲ್ಲ. ಅಷ್ಟರೊಳಗೆ ಮುದುಕ ಸಿಗಬೇಕಿತ್ತು.

ಆರು ಜನರ ತಂಡ ಸ್ಟ್ರೆಚರು, ಹಗ್ಗ ಹಿಡಿದು ಒಂಬತ್ತಕ್ಕೆ ಬಂತು. ಮಡೆಪ್ಪನವರು ಹಳೆಯ ಕಲ್ಲಿನ ಖಣಿಯ ಕಡೆ ಹೋದದ್ದನ್ನು ಕಂಡಿದ್ದೇನೆ ಎಂದು ಆಡು ಕಾಯುವ ಮಕ್ಸೂದ ಹೇಳಿದ. ದಾರಿ ತೋರಿಸಲು ಎದ್ದು ನಿಂತ. ಪ್ರವೀಣಕುಮಾರರು ಅವನನ್ನು ಹಿಂದೆ ನಿಲ್ಲಿಸಿ ನಕ್ಷೆ ಬಿಡಿಸಿದರು. ತಾವು ನಿಂತಿದ್ದ ನೀರಿನ ಟಾಕಿಯಿಂದ ಖಣಿ ಅರವತ್ತು ಡಿಗ್ರಿಯಲ್ಲಿ, ಒಂದೂವರೆ ಕಿಲೋಮೀಟರು. ಇದನ್ನು ಅವರು ಸರಿಯಾಗಿಯೇ ಓದಿದರು. ದಿಕ್ಸೂಚಿಯನ್ನು ಅರವತ್ತಕ್ಕೆ ಇಟ್ಟು, ಆಳೆತ್ತರದ ಜಾಲಿ ಕಂಟಿಗಳ ನಡುವೆ ಮುಂದೆ ನಡೆದರು. ತಂಡದ ಹಿಂದೆ ಮಕ್ಸೂದ, ಶಿವಕಾಂತಾ ಕೂಡ ಹೊರಟರು.

ಐದು ನಿಮಿಷಕ್ಕೆ ಮಕ್ಸೂದ ನಿಂತ. "ಸಾಹೇಬ್ರ, ಈ ಹೊತ್ತಿನ್ಯಾಗ ಖಣಿಗಿ ಹೊಂಟ್ರ ಬಿಸಿಲು ಬಲಗಣ್ಣಿಗಿ ಬೀಳ್ತದ್ರಿ. ಈಗ ನೆಟ್ಟಗ ಮೂಗಿನ ಮ್ಯಾಗ ಬೀಳ್ಲಕತ್ತದ."

"ಬಿಸಿಲಿಗಿ ಸರ್ಟಿಫಿಕೇಟ್ ಯಾರ್ ಕೊಟ್ಟಾರೋ ತಮ್ಮಾ?"

"ನಮ್ಮ ಆಡುಗೋಳಿಗಿ ಭೀ ಯಾರೂ ಕೊಟ್ಟಿಲ್ರಿ. ಖರೆ, ದಿನಾ ಮನಿಗಿ ಬರ್ತಾವ."

ಶಿವಕಾಂತಾ ಸೆರಗು ಸಿಕ್ಕಿಸಿಕೊಂಡರು. "ನೀವು ನಿಮ್ಮ ಸೂಜಿ ಕೂಡ ನಡೀರಿ ಸರ್. ನಾ ಮಕ್ಸೂದ ಭಾಯಿ ಕೂಡ ಹೋಗ್ತೇನಿ."

ಒಂಬತ್ತು ನಲವತ್ತಕ್ಕೆ ಅವರಿಬ್ಬರಿಗೆ ಮಡೆಪ್ಪನವರು ಸಿಕ್ಕರು. ಖಣಿಯ ತಳದಲ್ಲಿ, ಕಾಲು ಮುರಿದು, ಬರಿ ಬಂಡೆಯ ಮೇಲೆ. ಕಡಿದಾದ ಗೋಡೆಯಿಂದ ಇಬ್ಬರೇ ಎತ್ತಿ ತರಲು ಆಗಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಮಕ್ಸೂದ ಮೇಲೆ ಹತ್ತಿ ಒದರತೊಡಗಿದ. ಶಿವಕಾಂತಾ ಮಾವನ ಮೇಲೆ ಸೆರಗು ಹಿಡಿದು ನಿಂತರು.

ಅತ್ತ ತಂಡ ಒಂದು ಬೋಳು ಹೊಲಕ್ಕೆ ಬಂದು ನಿಂತಿತ್ತು. ಖಣಿ ಇರಲಿಲ್ಲ. "ನಕ್ಷಾನೇ ತಪ್ಪದ" ಎಂದರು ನಾಯಕರು.

ತಂಡದಲ್ಲಿದ್ದ ಪ್ರಣಾಲಿ ಎಂಬ ಹುಡುಗಿ ಕಿವಿಗೊಟ್ಟಳು. "ಸರ್, ಎಡಕ್ಕ ಯಾರೋ ಒದರ್ಲಕತ್ತಾರ್ರಿ."

"ಅದು ನಮ್ಮ ಲೈನಿನ್ಯಾಗ ಬರಲ್ಲ."

ಹೀಗೆಂದು ಎಲ್ಲರನ್ನೂ ಟಾಕಿಯವರೆಗೆ ಹಿಂದಕ್ಕೆ ನಡೆಸಿದರು. ಮೊದಲಿನಿಂದ ಅದೇ ಅರವತ್ತು ಡಿಗ್ರಿ ಹಿಡಿಯಬೇಕಂತೆ. ಅಲ್ಲಿ ಪ್ರಣಾಲಿ ಅವರ ಕೈಯಿಂದ ದಿಕ್ಸೂಚಿ ತೆಗೆದುಕೊಂಡು ಎದುರಿಗೆ ಕಾಣುವ ಗುಡಿಯ ಶಿಖರಕ್ಕೆ ಗುರಿ ಇಟ್ಟಳು, ನಕ್ಷೆಯ ಜೊತೆ ತಾಳೆ ನೋಡಿದಳು. ಇಪ್ಪತ್ತು ಡಿಗ್ರಿ ಅಂತರ. ಮಗುಚಿ ನೋಡಿದಳು.

"ಈ ಸ್ಕ್ರೂ ಯಾರ್ ತಿರುವ್ಯಾರ್ರಿ ಸರ್?"

"ಅದು... ನಮ್ಮ ಬೀಗರ ಬಾಗಿಲದ್ದು..."

ಅವಳು ಪೂರ್ತಿ ಕೇಳಲಿಲ್ಲ. ಉಳಿದವರನ್ನು ಕರೆದುಕೊಂಡು ಓಡಿದಳು. ಸ್ಟ್ರೆಚರು ಖಣಿಗೆ ಇಳಿದಾಗ ಹನ್ನೊಂದು ಹತ್ತು.

ಮಡೆಪ್ಪನವರ ಜೀವ ಉಳಿಯಿತು. ಬಿಸಿಲು ತಲೆಗೇರಿ ಮಾತು ಹೋಯಿತು. ಒಂದು ತಾಸು ಮೊದಲು ತಂದಿದ್ದರೆ ಉಳಿಯುತ್ತಿತ್ತೇನೋ ಎಂದರು ಬೀದರಿನ ಡಾಕ್ಟರು.

ನಾಲ್ಕನೆಯ ದಿನ ಪ್ರವೀಣಕುಮಾರರು ಆಸ್ಪತ್ರೆಗೆ ಬಂದರು. ಶಿವಕಾಂತಾ ಅವರ ಹೆಸರಿನಲ್ಲಿ ತಾವೇ ಟೈಪ್ ಮಾಡಿಸಿದ ಕೃತಜ್ಞತಾ ಪತ್ರ ಕೈಯಲ್ಲಿತ್ತು.

"ಸಹಿ ಮಾಡ್ರಿ ತಾಯಿ, ಪೇಪರಿಗಿ ಕೊಡಬೇಕಾಗ್ಯಾದ."

ಶಿವಕಾಂತಾ ಎರಡು ಸಲ ಓದಿದರು. "ಟೀಮ್ ಲೀಡರ್ ಪ್ರವೀಣಕುಮಾರ" ಎಂದಿದ್ದಲ್ಲಿ ಗೆರೆ ಎಳೆದು ಮೇಲೆ "ಮಕ್ಸೂದ" ಎಂದು ಬರೆದರು. ಕೆಳಗೆ ಎರಡು ಸಮಯ ಬರೆದರು: ಒಂಬತ್ತು ನಲವತ್ತು, ಹನ್ನೊಂದು ಹತ್ತು. ಆಮೇಲೆ ಸಹಿ ಹಾಕಿದರು.

"ಹಿಂಗ ಗೀಚಿದ್ರ ಪೇಪರಿನವ್ರು ತಗೋಳಲ್ರಿ ತಾಯಿ."

"ತಗೋಳಿಲ್ಲಂದ್ರ ನೀವೇ ಇಟ್ಕೋರಿ" ಎಂದು ಅವರು ತಿರುಗಿ ಕುಳಿತು, ಮಾವನ ತುಟಿಗೆ ಚಮಚೆಯಲ್ಲಿ ನೀರು ಹಿಡಿದರು.