ಹೆಮ್ಮಿಗೆಯ ಕರಿಕಲ್ಲು

ನಂಜನಗೂಡಿನಲ್ಲಿ ಇಳಿಯುವಷ್ಟರಲ್ಲೇ ಸೊಂಟ ಹಿಡಿದುಕೊಂಡಿತ್ತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಕುಲುಕಾಟಕ್ಕೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಇಡ್ಲಿ ತಿಂದು ಬಿಳಿಗೆರೆಯ ಕಡೆ ಹೊರಟೆ.

ಭೂವಿಜ್ಞಾನಿಯಾದ ನನಗೆ ಬೇಕಿದ್ದದ್ದು ಕರಿಕಲ್ಲು. ನೂರಾರು ಕೋಟಿ ವರ್ಷಗಳ ಹಿಂದೆ ಈ ಸೀಮೆಯ ನೆಲದ ಬಿರುಕುಗಳಲ್ಲಿ ಉಕ್ಕಿಬಂದ ಶಿಲಾರಸ ಹೆಪ್ಪುಗಟ್ಟಿ ಆದ ಕಲ್ಲು ಅದು. ಅದರ ವಯಸ್ಸು ಗೊತ್ತಾದರೆ ಬಿಳಿಗಿರಿರಂಗನ ಬೆಟ್ಟದ ಸಾಲು ಅದಕ್ಕಿಂತ ಮೊದಲು ಎದ್ದದ್ದೋ ಆಮೇಲೋ ಎಂದು ಹೇಳಬಹುದು. ಆದರೆ ಮಳೆ ಬಿಸಿಲಿಗೆ ಸವೆದ ಕಲ್ಲನ್ನು ಲ್ಯಾಬಿನವರು ಮುಟ್ಟುವುದಿಲ್ಲ. ಬಿಳಿಗೆರೆಯ ಬಂಡೆ ಸುತ್ತಿಗೆ ತಾಗಿದೊಡನೆ ರಸ್ಕಿನ ಹಾಗೆ ಪುಡಿಯಾಯಿತು. ನಿವೃತ್ತಿಗೆ ಮುಂಚಿನ ಕೊನೆಯ ಸುತ್ತಾಟವೂ ದಂಡವಾಯಿತಲ್ಲ ಎಂದು ಅಳುವೇ ಬಂತು.

ಮಧ್ಯಾಹ್ನ ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಹೆಮ್ಮಿಗೆಗೆ ಹೋದೆ. ನಕ್ಷೆಯಲ್ಲಿ ಗುರುತು ಮಾಡಿಕೊಂಡಿದ್ದ ಜಾಗ ಮಾದೇವಮ್ಮ ಎಂಬವರ ಹಿತ್ತಲಾಗಿತ್ತು. ಹಸುಗಳಿಗೆ ಬೀದಿ ನಲ್ಲಿಯಿಂದ ನೀರು ಹೊತ್ತು ಸಾಕಾಗಿ, ಅಂದೇ ಬೋರ್‌ವೆಲ್ ಲಾರಿ ಕರೆಸಿದ್ದರು. ನಾನು ಕಲ್ಲಿಗಾಗಿ ಬಂದವಳು ಎಂದು ಹೇಳಿದ್ದಕ್ಕೆ ನಕ್ಕು ಮಜ್ಜಿಗೆ ಕೊಟ್ಟರು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನಡೆದು ಯಾರೋ ಒಬ್ಬ ನೀರಿನ ಪಾಯಿಂಟ್ ತೋರಿಸಿದ್ದನಂತೆ. ನಕ್ಷೆಯ ಪ್ರಕಾರ ಅದರ ಅಡಿಯಲ್ಲೇ ನನ್ನ ಕರಿಕಲ್ಲಿತ್ತು. ಸುಮ್ಮನಿದ್ದರೆ ಆಳದ ಹೊಸ ಚೂರುಗಳು ನನಗೆ ಸಿಗುತ್ತಿದ್ದವು, ಆದರೆ ಅಂಥ ಕಲ್ಲಿನಲ್ಲಿ ನೀರು ಸಿಗುವುದು ಕಷ್ಟ. ಮಜ್ಜಿಗೆ ಕುಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

“ಇಲ್ಲಿ ಬೇಡಮ್ಮ, ಕೊಟ್ಟಿಗೆ ಆಚೆ ಕೊರೆಸಿ. ಅಲ್ಲಿ ಕರಿಕಲ್ಲಿಲ್ಲ,” ಎಂದೆ.

“ಓದಿರೋರು ಏಳ್ತಾವ್ರೆ, ಅಲ್ಲೇ ಕೊರೀರಪ್ಪಾ,” ಎಂದು ಅವರು ಲಾರಿಯವರಿಗೆ ಕೂಗಿದರು. ಗಂಡ ಸಿದ್ದಪ್ಪ ಗೊಣಗಿಕೊಂಡೇ ಒಪ್ಪಿದ.

ಮೊದಲು ಕೆಂಪು ಧೂಳು ಬಂತು, ಆಮೇಲೆ ಬಿಳಿ ಪುಡಿ. ಕರಿಕಲ್ಲಲ್ಲ ಎಂದು ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಕಪ್ಪು ಪುಡಿ, ಚೂರು ಶುರುವಾಯಿತು, ಕೊರೆದಷ್ಟೂ ಕಪ್ಪೇ. ನಾನು ಲೆಕ್ಕ ಹಾಕಿದ್ದಕ್ಕಿಂತ ಕಲ್ಲು ಅಗಲವಾಗಿತ್ತು. ಸಂಜೆಯಾದರೂ ತೇವ ಕಾಣದೆ ಲಾರಿಯವರು ಪೈಪು ಬಿಚ್ಚತೊಡಗಿದರು.

ಸಿದ್ದಪ್ಪ ನನ್ನ ಚೀಲ ನೋಡಿದ. “ಕಲ್ಲಿಗೋಸ್ಕರ ಬಂದೋರಲ್ವಾ ಇವ್ರು? ಅದ್ಕೇ ಇಲ್ಲಿ ತೋರ್ಸವ್ರೆ ಕಣಮ್ಮಿ!”

ಇಲ್ಲವೆನ್ನಲು ನನ್ನಲ್ಲಿ ಯಾವ ಸಾಕ್ಷಿಯೂ ಇರಲಿಲ್ಲ. ವರ್ಷಗಟ್ಟಲೆ ಹುಡುಕಿದ್ದು ಕಾಲಡಿಯಲ್ಲೇ ರಾಶಿ ಬಿದ್ದಿತ್ತು. ಮುಟ್ಟಲು ನಾಚಿಕೆಯಾಗಿ ಖಾಲಿ ಚೀಲ ಮಡಚಿದೆ.

ಮಾದೇವಮ್ಮ ಅದನ್ನು ಕಿತ್ತುಕೊಂಡು ಎರಡೂ ಕೈಯಲ್ಲಿ ಚೂರು ಬಾಚಿ ತುಂಬಿದರು. “ತಕ್ಕಂಡೋಗಿ. ಇಲ್ಲೇ ಬುಟ್ಟೋದ್ರೆ ಇಬ್ರಿಗೂ ಇಲ್ದಂಗಾಯ್ತದೆ,” ಎಂದರು. ನನ್ನ ಮುಖ ಮಾತ್ರ ನೋಡಲಿಲ್ಲ.

ಬಸ್ಸು ಹೊರಟಾಗ ಚೀಲ ತೊಡೆಯ ಮೇಲಿತ್ತು. ದೂರದ ಬೆಟ್ಟದ ಸಾಲು ಮುಸ್ಸಂಜೆಯ ಮಬ್ಬಿನಲ್ಲಿ ಕರಗುತ್ತಿತ್ತು. ಊರಿನ ಕಡೆ ತಿರುಗಿ ನೋಡಿದೆ. ಮಾದೇವಮ್ಮ ಎರಡು ಬಿಂದಿಗೆ ಹಿಡಿದು ಬೀದಿ ನಲ್ಲಿಯತ್ತ ನಡೆಯುತ್ತಿದ್ದರು.