ಹೆಸರಳಿಸಿ ಮಲಗಿಸುವ ವನಜಾ

ಬೆಳಗಿನ ಆರು ಗಂಟೆ. ಭಾನುವಾರ. ಹಲಗೂರಿನ ಪ್ರೌಢಶಾಲೆಯೊಂದರ ಕಂಪ್ಯೂಟರ್ ಕೊಠಡಿಯಲ್ಲಿ ಇಪ್ಪತ್ತನಾಲ್ಕು ಪರದೆಗಳಿವೆ. ಬಾಗಿಲ ಪಕ್ಕದ್ದೊಂದು ಬಿಟ್ಟರೆ ಮಿಕ್ಕವೆಲ್ಲ ಕಣ್ಣು ಮುಚ್ಚಿ ಕೂತಿವೆ. ಎಚ್ಚರವಾಗಿರುವ ಆ ಒಂದರ ಮುಂದೆ ವನಜಾ. ಕರೆಂಟು ಕೈಕೊಡದೆ ಸಿಗುವುದು ಈ ಹೊತ್ತಿನಲ್ಲೇ ಎಂದು ನಸುಕಿಗೇ ಬಂದಿದ್ದಾರೆ. ಪರದೆಯಲ್ಲಿ ಕೊನೆಯ ಸಾಲು ಮೂಡುತ್ತದೆ, ಯಂತ್ರ ಗುರ್ರೆಂದು ಒಂದು ಉಸಿರು ಬಿಟ್ಟು ಆರುತ್ತದೆ. ಆ ಕ್ಷಣವೇ ಬಗ್ಗಿ ಅದರ ಕರೆಂಟಿನ ವೈರು ಕಿತ್ತು, ಸುರುಳಿ ಸುತ್ತಿ ತಮ್ಮ ಬ್ಯಾಗಿಗೆ ಹಾಕಿಕೊಂಡು, ಆಮೇಲಷ್ಟೇ ಟೀ ಕುಡಿಯಲು ಏಳುತ್ತಾರೆ.

ಬಾಗಿಲಲ್ಲಿ ಶಾಲೆಯ ಜವಾನ ಪುಟ್ಟಮಾದಯ್ಯ ಅಡ್ಡ ನಿಂತಿದ್ದಾರೆ.

"ಬ್ಯಾಗ್ ತಗಿಯವ್ವ."

"ದಿನಾ ನೋಡ್ತೀರಲ್ಲ ಮಾದಣ್ಣ, ಇನ್ನೂ ತೃಪ್ತಿ ಆಗ್ನಿಲ್ವಾ?"

"ತೃಪ್ತಿ ನಿಮ್ಮನೆಗೆ ಊಟಕ್ಕೆ ಬಂದಾಗ ಆಗ್ಲಿ. ಈಗ ತಗಿ. ಇದೇನಿದು, ವೈರು? ಇಸ್ಕೂಲ್ದು ಕಣವ್ವ ಇದು!"

"ಇಸ್ಕೂಲ್ದೇ. ನಾನು ಬರಗಂಟ ನನ್ ತಾವೇ ಇರ್ತದೆ. ಯಾಕೆ ಅಂತ ನಿಮ್ಗೇ ಗೊತ್ತು."

ಪುಟ್ಟಮಾದಯ್ಯ ಅಂಗಿಯ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಳ್ಳುತ್ತಾರೆ: 'ವೈರು ಒಂದು, ಆಚೆಗೆ.'

ವನಜಾ ಮಾಡುವ ಕೆಲಸಕ್ಕೆ ಅವರ ಊರು ಬೆಸಗರಹಳ್ಳಿಯಲ್ಲಿ ಹೆಸರಿಲ್ಲ. 'ಕಂಪ್ಯೂಟರ್ ರಿಪೇರಿ' ಎನ್ನುತ್ತಾರೆ. ರಿಪೇರಿಯಲ್ಲ. ಶಾಲೆಗೆ ಹೊಸ ಕಂಪ್ಯೂಟರುಗಳು ಬಂದಾಗ ಒಂದನ್ನು ಆರಿಸಿ, ಅದರಲ್ಲಿ ಕನ್ನಡದ ಕೀಲಿಮಣೆ, ಪಾಠಗಳು, ಲೆಕ್ಕದ ಆಟಗಳನ್ನೆಲ್ಲ ತುಂಬಿ ಅಣಿಗೊಳಿಸುತ್ತಾರೆ. ಅವರ ಬಾಯಲ್ಲಿ ಅದು 'ತಾಯಿ ಮೆಷಿನ್'. ಆಮೇಲೆ ಅದರ ಹೆಸರು, ಗುರುತಿನ ಸಂಖ್ಯೆಗಳನ್ನು ಅಳಿಸಿ ಮಲಗಿಸುತ್ತಾರೆ. ಮಲಗಿರುವಾಗಲೇ ಅದರ ಪಡಿಯಚ್ಚನ್ನು ಅಂಗೈಯಗಲದ ಡಿಸ್ಕಿಗೆ ಇಳಿಸಿಕೊಂಡು ಉಳಿದವಕ್ಕೆಲ್ಲ ತುಂಬುತ್ತಾರೆ. ಪ್ರತಿಯೊಂದೂ ಮೊದಲ ಸಲ ಕಣ್ಣು ತೆರೆಯುವಾಗ ತನ್ನದೇ ಹೊಸ ಗುರುತು ಪಡೆಯುತ್ತದೆ. ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಜೀವ ಅಡಗಿರುತ್ತದಲ್ಲ, ಹಾಗೆ ಒಂದಿಡೀ ಕೊಠಡಿಯ ಜೀವ ಆ ಡಿಸ್ಕಿನಲ್ಲಿ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕದಲ್ಲಿ ಕೂತವರ ಕೈಗಳನ್ನೇ ವನಜಾ ಗಮನಿಸುತ್ತಿರುತ್ತಾರೆ.

"ತಾಯೀಲಿ ಒಂದು ತಪ್ಪಿದ್ರೆ ಅಷ್ಟರಲ್ಲೂ ಅದೇ ತಪ್ಪು. ಅದ್ಕೇ ನಾನು ನನ್ನೇ ನಂಬಕಿಲ್ಲ. ಮೂರು ಸಲ ನೋಡ್ತೀನಿ."

ತಂದೆ ಮರಿಸಿದ್ದಯ್ಯ ಕಬ್ಬು ಕಡಿಯುವ ಕೆಲಸ ಮಾಡಿಕೊಂಡೇ ಮಗಳನ್ನು ಮಂಡ್ಯದಲ್ಲಿ ಡಿಪ್ಲೊಮಾ ಓದಿಸಿದರು. ಹನ್ನೊಂದು ವರ್ಷಗಳಿಂದ ವನಜಾ ಮಂಡ್ಯದ ಒಬ್ಬ ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತಿದ್ದಾರೆ. ಮದ್ದೂರು, ಮಳವಳ್ಳಿ ಸೇರಿ ಅರವತ್ತಮೂರು ಶಾಲೆಗಳ ಕಂಪ್ಯೂಟರುಗಳು ಅವರ ಕೈಯಲ್ಲಿ ಅಣಿಯಾಗಿವೆ. "ಟೆಕ್ನಿಷಿಯನ್ ನಾನೇ ಅಂದ್ರೆ, ಹಿಂದೆ ಇನ್ಯಾರಾದ್ರೂ ಬತ್ತಾವ್ರಾ ಅಂತ ಗೇಟ್ ಕಡೆ ನೋಡ್ತಾರೆ. ಆಮೇಲೆ ಬೆಸಗರಳ್ಳೀಲಿ ಯಾವ ಬೀದಿ ಅಂತ ಸುತ್ತಿ ಬಳಸಿ ಕೇಳ್ತಾರೆ. ಬಸ್‌ಸ್ಟಾಂಡ್ ಪಕ್ಕ ಅಂದ್ಬುಡ್ತೀನಿ."

ಹೋದ ವಾರ ಇಂಥ ಅನುಮಾನದ ನೋಟಗಳಿಗೆಲ್ಲ ಕೈಕಾಲು ಬಂತು. ಚಾಲೂ ಇರುವ ಕಂಪ್ಯೂಟರುಗಳನ್ನು ದೂರದಿಂದಲೇ ಎಣಿಸುವ ಪಟ್ಟಿಯೊಂದು ಮಂಡ್ಯದ ಕಚೇರಿಯಲ್ಲಿದೆ. ಅದರಲ್ಲಿ ಹಲಗೂರಿನ ಈ ಶಾಲೆಯ ಎದುರು ಇದ್ದ ಸಂಖ್ಯೆ ಒಂದು. ಕೊಟ್ಟಿದ್ದು ಇಪ್ಪತ್ತನಾಲ್ಕು. ಮುಖ್ಯೋಪಾಧ್ಯಾಯ ರಘುನಂದನ್ ವನಜಾರನ್ನು ಕರೆಸಿದರು.

"ನೋಡಮ್ಮ, ಪೆಟ್ಟಿಗೆ ಇಪ್ಪತ್ತನಾಲ್ಕೂ ಕಣ್ಣಿಗೆ ಕಾಣ್ತವೆ. ಒಳಗಿನ ಹೊಸ ಮಾಲು ತೆಗೆದು ಹಳೇದು ತುಂಬಿಲ್ಲ ಅಂತ ನಾನು ಹೇಗೆ ನಂಬಲಿ?"

ಗುತ್ತಿಗೆದಾರರೂ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು: ಸೋಮವಾರದೊಳಗೆ ಪಟ್ಟಿ ಸರಿಹೋಗದಿದ್ದರೆ ಪೊಲೀಸರಿಗೆ ದೂರು, ಕೆಲಸಕ್ಕೆ ಕೊನೆ.

ವನಜಾ ಪರವಾಗಿ ನುಡಿದದ್ದು, ಅವರನ್ನು ಒಂದಿಷ್ಟೂ ನಂಬದ ಪುಟ್ಟಮಾದಯ್ಯ. "ಈವಮ್ಮ ಬಂದ ದಿನದಿಂದ್ಲೂ ನಂಗೆ ಅನ್ಮಾನ ಸಾ. ಅದ್ಕೇ ಒಂದೊಂದು ಪೆಟ್ಗೆ ತಿರುಪಿನ ಮೇಲೂ ಚೀಟಿ ಅಂಟ್ಸಿ ರುಜು ಆಕಿವ್ನಿ. ಒಂದೂ ಅರ್ದಿಲ್ಲ, ಬೇಕಾರೆ ನೋಡಿ. ಬ್ಯಾಗೂ ದಿನಾ ನೋಡಿ ಬರ್ದಿವ್ನಿ. ಅಷ್ಟ್ಯಾಕೆ, ಆವತ್ತು ಇವ್ಳು ಟೀಗೆ ಓದಾಗ ಮೊದ್ಲನೇದು ಸತ್ತಂಗೆ ಬಿದ್ದಿತ್ತು. ಒಳ್ಗಡೆದು ತಗಂಡೋದ್ಳೇನೋ ಅಂತ ಗುಂಡಿ ಒತ್ತಿ ನೋಡ್ದೆ. ಬೆಳಕು ಬಂತು, ಸರಿ ಅಂತ ಆರ್ಸ್ಬುಟ್ಟೆ."

ಎಣಿಸಿದರು. ಚೀಟಿಗಳೆಲ್ಲ ಅಂಟಿದ್ದಂತೆಯೇ ಇದ್ದವು. ಕಳ್ಳತನದ ಮಾತು ಅಲ್ಲಿಗೆ ಬಿತ್ತು. ಆದರೆ ಗುಂಡಿ ಒತ್ತಿದ ಮಾತು ಕೇಳುತ್ತಲೇ ವನಜಾರಿಗೆ ಎಡವಟ್ಟು ಎಲ್ಲಾಯಿತೆಂದು ಹೊಳೆದಿತ್ತು. ಗುರುತು ಅಳಿಸಿ ಮಲಗಿಸಿದ್ದ ತಾಯಿ ಅವತ್ತು ನಡುವೆ ಎದ್ದು ಒಂದು ಗುರುತು ಹೊತ್ತುಕೊಂಡಿತ್ತು. ಅದನ್ನರಿಯದೆ ಅವರು ಅದೇ ಗುರುತನ್ನು ಎಲ್ಲಕ್ಕೂ ತುಂಬಿದ್ದರು. ಇಪ್ಪತ್ತನಾಲ್ಕೂ ಒಂದೇ ಗುರುತು ಹೇಳಿದರೆ ಮಂಡ್ಯದ ಪಟ್ಟಿ ಒಂದೆಂದೇ ಬರೆದುಕೊಳ್ಳುತ್ತದೆ.

ವನಜಾ ಪುಟ್ಟಮಾದಯ್ಯನವರತ್ತ ಬೆರಳು ತೋರಿಸಬಹುದಿತ್ತು. ಆದರೆ ಅವರ ನಿವೃತ್ತಿಗೆ ಇನ್ನು ಒಂದೂವರೆ ವರ್ಷವಷ್ಟೇ ಇದೆ. "ವೈರು ಬುಟ್ಟು ಎದ್ದೋದೋಳು ನಾನು ಸಾ, ತಪ್ಪು ನಂದು" ಎಂದು ವನಜಾ ಒಪ್ಪಿಕೊಂಡು, ಕಾಗದದಲ್ಲೂ ಹಾಗೆಯೇ ಬರೆದುಕೊಟ್ಟರು. ಹೊರಗೆ ಬಂದ ಮೇಲೆ ಮಾತ್ರ ಬಿಡಲಿಲ್ಲ.

"ಮಲ್ಗಿರೋ ತಾಯೀನ ಎಬ್ಬಿಸ್ಬುಟ್ರಲ್ಲ ಮಾದಣ್ಣ!"

"ಮಲ್ಗಿರೋದೂ ಸತ್ತಿರೋದೂ ಒಂದೇ ತರ ಕಂಡ್ರೆ ನಾನೇನವ್ವ ಮಾಡ್ಲಿ?"

ಅದಕ್ಕೇ ಈ ಭಾನುವಾರ ಎಲ್ಲವನ್ನೂ ಹೊಸದಾಗಿ ತುಂಬುವ ಕೆಲಸ. ಟೀ ಮುಗಿಸಿ ಬಂದ ವನಜಾ, ಬೆಳಿಗ್ಗೆ ಮತ್ತೆ ಗುರುತಳಿಸಿ ಮಲಗಿಸಿದ ತಾಯಿಗೆ ವೈರು ಸಿಕ್ಕಿಸುತ್ತಾರೆ. ಪುಟ್ಟಮಾದಯ್ಯನವರ ಪುಸ್ತಕದಲ್ಲಿ, 'ವೈರು ಒಂದು, ಒಳಕ್ಕೆ.' ಸಲಕ್ಕೆ ಆರು ಯಂತ್ರ, ಪ್ರತಿ ಸಲಕ್ಕೆ ನಲವತ್ತು ನಿಮಿಷ. ಮಧ್ಯಾಹ್ನದ ಹೊತ್ತಿಗೆ ಒಂದೊಂದನ್ನೇ ಎಬ್ಬಿಸತೊಡಗುತ್ತಾರೆ. ರಘುನಂದನ್ ಮೊಬೈಲಿನಲ್ಲಿ ಪಟ್ಟಿ ತೆರೆದು ಓದುತ್ತಾರೆ: ಏಳು, ಹದಿನೆಂಟು, ಇಪ್ಪತ್ತಮೂರು. ಅಲ್ಲಿಗೆ ನಿಲ್ಲುತ್ತದೆ. ಪುಟ್ಟಮಾದಯ್ಯನವರ ಕಣ್ಣು ಮೆಲ್ಲಗೆ ವನಜಾರ ಬ್ಯಾಗಿನತ್ತ ಹೊರಳುತ್ತದೆ. ವನಜಾ ಮೇಜಿನಡಿ ನುಸುಳಿ, ಕಿಟಕಿ ಪಕ್ಕದ ಯಂತ್ರಕ್ಕೆ ಸಡಿಲವಾಗಿದ್ದ ಇಂಟರ್ನೆಟ್ ವೈರನ್ನು ಒತ್ತುತ್ತಾರೆ.

"ಇಪ್ಪತ್ತನಾಲ್ಕು," ರಘುನಂದನ್ ಓದುತ್ತಾರೆ. ಇನ್ನೊಮ್ಮೆ ಓದಿ ಖಾತ್ರಿ ಮಾಡಿಕೊಂಡು, ಕುರ್ಚಿಯನ್ನು ವನಜಾರ ಕಡೆ ಸರಿಸುತ್ತಾರೆ. "ಕೂತ್ಕೊಳ್ಳಿ ವನಜಾ."

ಹೊರಡುವಾಗ ಬಾಗಿಲಲ್ಲಿ ಅದೇ ಅಡ್ಡಗಾಲು, ಅದೇ ಪುಸ್ತಕ. ವನಜಾ ಕೇಳುವ ಮೊದಲೇ ಬ್ಯಾಗ್ ತೆರೆದು ಹಿಡಿಯುತ್ತಾರೆ. ದಿನವೂ ಹೀಗೆ ತೋರಿಸಲು ಬೇಸರವಾಗುವುದಿಲ್ಲವೇ ಎಂದು ಕೇಳಿದರೆ,

"ನೋಡ್ಲಿ ಬುಡಿ. ಅವಯ್ಯ ನೋಡಿದ್ಕೇ ತಾನೆ ನನ್ ಮಾನ ಉಳೀತು? ಮುಂದಿನ್ ಇಸ್ಕೂಲಲ್ಲೂ ಇಂಥ ಅನ್ಮಾನದ ಮನುಸ ಒಬ್ಬ ಇರ್ಲಿ," ಎಂದು ಬಸ್ಸಿನ ಕಡೆ ಹೆಜ್ಜೆ ಹಾಕುತ್ತಾ ತಿರುಗಿ ನಗುತ್ತಾರೆ. "ಗುಂಡಿ ಮಾತ್ರ ಒತ್ತದೆ ಇರ್ಲಿ."