ನೌಬಾದದ ತನಕ ಅವರದು

ನನ್ನ ಕತೆಯನ್ನು ಯಾರೋ ಕದ್ದಿದ್ದಾರೆಂದು ಗೊತ್ತಾದ ದಿನ ನನಗಾದಷ್ಟು ಸಂತೋಷ, ಆ ಕತೆ ಅಚ್ಚಾದ ದಿನವೂ ಆಗಿರಲಿಲ್ಲ. ಕಳ್ಳರು ಬರುವುದು ಏನಾದರೂ ಇರುವ ಮನೆಗೆ. ಇಷ್ಟು ವರ್ಷ ನನ್ನ ಕತೆಗಳ ಬಾಗಿಲು ಹಾರುಹೊಡೆದೇ ಇತ್ತು, ಒಬ್ಬರೂ ಒಳಗೆ ಹಣಿಕಿ ಹಾಕಿರಲಿಲ್ಲ.

ಬೀದರಿನ ಚಿಕ್ಕದೊಂದು ಸಾಹಿತ್ಯ ಬಳಗದವರು ಕಥಾಸ್ಪರ್ಧೆ ಇಟ್ಟು, ಮೂವರು ತೀರ್ಪುಗಾರರಲ್ಲಿ ನನ್ನನ್ನೂ ಸೇರಿಸಿದ್ದರು. ಬರೆದವರ ಹೆಸರು ಮುಚ್ಚಿ ಕೊಡಬೇಕೆಂಬ ನಿಯಮ ಆ ಬಳಗಕ್ಕೆ ಇನ್ನೂ ಮುಟ್ಟಿಲ್ಲ. ಬೀದರಿನದೇ ಮೈಲೂರು ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕತೆಗಳನ್ನು ಹರವಿಕೊಂಡು, ಹುಬ್ಬು ಗಂಟಿಕ್ಕಿ ಓದುತ್ತಿದ್ದೆ. ಹುಬ್ಬು ಗಂಟಿಕ್ಕದಿದ್ದರೆ ಹೆಂಡತಿ ಕಾಯಿಪಲ್ಯ ತರಲು ಕಳಿಸಿಬಿಡುತ್ತಾಳೆ. ಔರಾದಿನ ಶಾಲೆಯ ಟೀಚರೊಬ್ಬರು ಕಳಿಸಿದ ಕತೆಯ ಎರಡನೆಯ ಪುಟಕ್ಕೆ ಬಂದಾಗ ಆ ಗಂಟು ತಾನೇ ಬಿಚ್ಚಿಕೊಂಡಿತು. ಎಳ್ಳಮಾವಾಸ್ಯೆಯ ದಿನ ಒಬ್ಬ ಹೆಂಗಸು, ಕಾಳು ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಭಜ್ಜಿಯನ್ನು ಡಬ್ಬಿಗೆ ಹಾಕಿಕೊಂಡು ಭಾಲ್ಕಿಯಿಂದ ಔರಾದಿಗೆ ಬರುತ್ತಾಳೆ. ಹೊಸ್ತಿಲ ಹೊರಗೇ ನಿಲ್ಲುತ್ತಾಳೆ. ನೀರು ಕೊಟ್ಟರೆ ಒಲ್ಲೆ ಎನ್ನುತ್ತಾಳೆ. ಡಬ್ಬಿ ಕೊಟ್ಟು ಬಂದ ದಾರಿಯಲ್ಲೇ ಹೋಗಿಬಿಡುತ್ತಾಳೆ. ಇದು ನನ್ನ ಕತೆ! ನಾನು ಬರೆದದ್ದರಲ್ಲಿ ಜನ ಹೊಗಳಿದ ಒಂದೇ ಒಂದು ಕತೆ!

"ಯಾಕ್ರಿ, ಒಬ್ಬರೇ ಕುಂತು ನಗ್ಲತ್ತೀರಿ?" ಎಂದಳು ಹೆಂಡತಿ.

"ನನ್ನ ಕತಿ ಕಳುವಾಗ್ಯದ."

"ಯಾರ್ರಿ ಆ ಪುಣ್ಯಾತ್ಮರು? ಒಮ್ಮಿ ಅವರ ಮನಿಗಿ ಕರ್ಕೊಂಡ ಹೋಗ್ರಿ, ಕೈ ಮುಗ್ದು ಬರ್ತೇನಿ."

ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಂಪು ಪೆನ್ನು ತೆಗೆದು ಕತೆಯ ನೆತ್ತಿಯ ಮೇಲೆ 'ನಕಲು' ಎಂದು ದಪ್ಪಗೆ ಬರೆದೆ. ಅದರ ಕೆಳಗೆ ಎರಡು ಗೆರೆಗಳನ್ನೂ ಎಳೆದೆ.

ನನ್ನ ಕತೆ ಎಂದೆನಲ್ಲ, ಅದು ನನಗೆ ಸಿಕ್ಕಿದ್ದು ಬಸ್ಸಿನಲ್ಲಿ. ಭಾಲ್ಕಿಯ ಕಚೇರಿಯೊಂದರಲ್ಲಿ ನನ್ನ ನೌಕರಿ, ದಿನಾ ಬೀದರಿನಿಂದ ಹೋಗಿ ಬರುತ್ತೇನೆ. ಒಂದು ಸಂಜೆ ವಾಪಸ್ ಬರುವಾಗ ಮುಂದಿನ ಸೀಟಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ತಾಯಿ ಪ್ರತಿ ವರ್ಷ ಎಳ್ಳಮಾಸಿಗಿ ಭಜ್ಜಿ ತರ್ತಾಳ್ರಿ. ಹೊಸ್ತಿಲ ದಾಟಂಗಿಲ್ಲ. ನೀರ ಕೊಟ್ರ ಕುಡಿಯಂಗಿಲ್ಲ. ನಾ ಅಕೀ ಮುಂದ ನಿಂತು ಅಳ್ತೇನಿ, ಅಕೀ ನಗ್ತಾಳ."

"ಯಾಕ್ರಿ?" ಎಂದರು ಪಕ್ಕದವರು.

ಅಷ್ಟರಲ್ಲಿ ಬೀದರಿನ ಅಂಚಿನ ನೌಬಾದ ಸ್ಟಾಪು ಬಂತು. ಇಬ್ಬರೂ ಚೀಲ ಎತ್ತಿಕೊಂಡು ಇಳಿದೇಬಿಟ್ಟರು. ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೇಳಿಸಿಕೊಳ್ಳಲು ನೋಡಿದೆ. ಕಂಡಕ್ಟರ್ ಬೈದ.

ಆ 'ಯಾಕ'ಗೆ ಉತ್ತರ ನಾನೇ ಕಟ್ಟಿದೆ. ಮೊಮ್ಮಗು ಹುಟ್ಟುವ ತನಕ ಮಗಳ ಮನೆಯಲ್ಲಿ ನೀರೂ ಮುಟ್ಟಬಾರದೆಂಬ ಹಳೆಯ ಕಟ್ಟಳೆಯೊಂದನ್ನು ಎಲ್ಲೋ ಕೇಳಿದ್ದೆ, ಅದನ್ನು ತಂದು ಜೋಡಿಸಿದೆ. ಮಕ್ಕಳಾಗದ ಮಗಳು, ಬಾಯಾರಿದ ತಾಯಿ, ನಡುವೆ ಹೊಸ್ತಿಲು. ಮೈಲೂರಿನಲ್ಲಿ ಇಳಿಯುವಾಗ ನನಗೇ ಕಣ್ಣಲ್ಲಿ ನೀರು ಬಂದಿತ್ತು. ಐವತ್ತು ದಾಟಿದ ಮಗಳಿಗೆ ಇನ್ನೂ ಮಕ್ಕಳಾಗಲೆಂದು ಯಾವ ತಾಯಿ ಕಾಯುತ್ತಾಳೆ ಎಂಬ ಸಣ್ಣ ಲೆಕ್ಕ ಹೊಳೆಯಲಿಲ್ಲ. ಅಳುವಾಗ ಲೆಕ್ಕ ಬರುವುದಿಲ್ಲ.

ಕತೆ ಒಂದು ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂತು. ಓದಿದವರು ತಮ್ಮ ತಮ್ಮ ತಾಯಂದಿರನ್ನು ನೆನೆದು ಫೋನ್ ಮಾಡಿದರು. ಔರಾದಿನಲ್ಲಿ ಒಂದು ಉಪನ್ಯಾಸಕ್ಕೂ ಕರೆದರು. ಸ್ಫೂರ್ತಿ ಎಂದರೇನು, ಕೃತಿಚೌರ್ಯ ಎಂದರೇನು ಎಂಬುದು ವಿಷಯ. ಆ ವಿಷಯವನ್ನು ಆರಿಸಿಕೊಂಡವನು ನಾನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಯಾರೂ ಅನ್ನದಿದ್ದರೂ ಮೈಕಿನ ಮುಂದೆ ನಿಂತು ಮುಟ್ಟಿಕೊಂಡೆ. "ಇದ್ದದ್ದನ್ನು ಇದ್ದ ಹಾಗೇ ಎತ್ತಿದರೆ ಕಳವು. ಎತ್ತಿ ಬದಲಿಸಿದರೆ ಸ್ಫೂರ್ತಿ" ಎಂದೆ. ಜೋರು ಚಪ್ಪಾಳೆ ಬಿತ್ತು. ಬಸ್ಸಿನ ವಿಷಯ ಅಲ್ಲಿ ಹೇಳಲಿಲ್ಲ. ನನ್ನೊಳಗೆ ಮಾತ್ರ ಒಂದು ಹದ್ದು ಹಾಕಿಕೊಂಡಿದ್ದೆ: ನೌಬಾದದ ತನಕ ಅವರದು, ನೌಬಾದದಿಂದ ಈಚೆ ನನ್ನದು.

ಈಗ ಆ ಔರಾದಿನಿಂದಲೇ ನಕಲು ಬಂದಿದೆ! ನನ್ನ ಉಪನ್ಯಾಸ ಕೇಳಿಯೂ ಕದ್ದರೇ ಎಂದು ಸಿಟ್ಟು ನೆತ್ತಿಗೇರಿತು. ಕತೆಯ ಕೊನೆಯಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ.

"ಮೇಡಂ, ನಿಮ್ಮ ಕತಿ ಎಲ್ಲ್ಯೋ ಓದಿದಂಗ ಅನಸ್ತದಲ್ರಿ," ಎಂದೆ, ಪೊಲೀಸ್ ಸಾಹೇಬರ ಧಾಟಿಯಲ್ಲಿ.

"ಪೂರ್ತಿ ಓದೀರೇನ್ರಿ ಸರ್?"

"ಎರಡು ಪುಟ ಓದೀನ್ರಿ, ಸಾಕು. ಅನ್ನ ಬೆಂದದೋ ಇಲ್ಲೋ ನೋಡಾಕ ಒಂದು ಅಗಳ ಹಿಚುಕಿದ್ರ ಆಯ್ತಲ್ರಿ."

"ನಮ್ಮ ಕಡಿ ರೊಟ್ಟಿ ಉಣ್ತಾರ್ರಿ ಸರ್. ರೊಟ್ಟಿ ಎರಡೂ ಮಗ್ಗಲ ತಿರುವಿ ನೋಡ್ಬೇಕಾಗ್ತದ," ಎಂದರು. "ಓದಿ ಫೋನ್ ಮಾಡ್ರಿ."

ತಿರುವಿ ನೋಡಿದೆ. ಮೂರನೆಯ ಪುಟದಲ್ಲಿ ಹೊಸ್ತಿಲ ಹೊರಗೆ ನಿಂತವಳು ತಾಯಿ ಆಗಿರಲಿಲ್ಲ, ಅಕ್ಕ ಆಗಿದ್ದಳು. ಔರಾದಿನ ಗಂಡಿನವರು ಭಾಲ್ಕಿಗೆ ಬಂದದ್ದು ಅವಳನ್ನು ನೋಡಲು. ಅವಳು ಒಳಗೆ ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಬಂದವರಿಗೆ ನೀರು ಕೊಟ್ಟು ಬಾ ಎಂದು ತಂಗಿಯನ್ನು ಕಳಿಸಿದವಳೂ ಅವಳೇ. ಗಂಡು, ನೀರು ತಂದವಳನ್ನು ಒಪ್ಪಿಕೊಂಡು ಹೋದ. ಅಕ್ಕ ಮದುವೆಯಲ್ಲಿ ಓಡಾಡಿ ಕೆಲಸ ಮಾಡಿದಳು, ಮುಂದೆ ತಾನು ಮದುವೆ ಆಗಲಿಲ್ಲ. ತಂಗಿಯ ಮೇಲೆ ಅವಳಿಗೆ ಸಿಟ್ಟಿಲ್ಲ, ಅದಕ್ಕೇ ಪ್ರತಿ ವರ್ಷ ಭಜ್ಜಿ. ಆದರೆ ಆ ಮನೆಯ ನೀರು ಮಾತ್ರ ಅವಳ ಗಂಟಲಲ್ಲಿ ಇಳಿಯುವುದಿಲ್ಲ.

ಓದಿ ಮುಗಿಸಿದೆ. ನನ್ನ ಕತೆಗಿಂತ ಎಷ್ಟೋ ಪಾಲು ಚೆನ್ನಾಗಿತ್ತು. ಮೊದಲು ಹೊಟ್ಟೆಕಿಚ್ಚೇ ಆಯಿತು, ನಾಚಿಕೆ ಆಮೇಲೆ ಬಂತು. ಮತ್ತೆ ಫೋನ್ ಮಾಡಿದೆ.

"ಬಸ್ಸಿನ್ಯಾಗ ಅವರು ತಾಯಿ ಅಂದಿದ್ರಲ್ರಿ," ಎಂದುಬಿಟ್ಟೆ. ಪೊಲೀಸ್ ಸಾಹೇಬ ತಾನೇ ತಪ್ಪೊಪ್ಪಿಗೆಯ ಜಬಾನಿ ಕೊಟ್ಟಂತಾಯಿತು.

 ಆ ಕಡೆಯಿಂದ ದೊಡ್ಡ ನಗು. "ಅಂದ್ರ ನಮ್ಮ ಅವ್ವನ ಹಿಂದಿನ ಸೀಟಿನ್ಯಾಗ ಕುಂತಿದ್ರೇನ್ರಿ ನೀವು! ನಮ್ಮ ಮನ್ಯಾಗ ಮರಾಠಿರಿ ಸರ್. ಮರಾಠ್ಯಾಗ ಅಕ್ಕಗ ತಾಈ ಅಂತಾರ. ಅವ್ವ ಕನ್ನಡ ಮಾತಾಡಿದ್ರೂ ಅಕ್ಕಗ ತಾಈ ಅಂತನೇ ಅಂತಾಳ."

ನಾನು ಹುಟ್ಟಿದ್ದು ಬೀದರಿನಲ್ಲಿ, ಹೊಟ್ಟೆಪಾಡು ಭಾಲ್ಕಿಯಲ್ಲಿ. ಊರ ತುಂಬ ಮರಾಠಿ. ನಮ್ಮ ಓಣಿಯಲ್ಲೇ ನಾಲ್ಕಾರು ತಾಈಗಳಿದ್ದಾರೆ. ಆದರೂ ಕತೆ ಸಿಕ್ಕ ಖುಷಿಯಲ್ಲಿ ಕಿವಿ ಕೆಪ್ಪಾಗಿತ್ತು. ಜನ ಕಣ್ಣೀರು ಹಾಕಿದ ನನ್ನ ಆ ತಾಯಿ ಒಂದು ತಪ್ಪು ಕೇಳಿಕೆ. ಕತೆಯಲ್ಲಿ ಅಪ್ಪಟ ನನ್ನದು ಎಂಬುದು ಏನಾದರೂ ಇದ್ದರೆ ಆ ತಪ್ಪೊಂದೇ.

"ಸರ್, ನಿಮ್ಮ ಭಾಷಣಕ್ಕ ನಾ ಬಂದಿದ್ದೆ," ಎಂದು ಅವರೇ ಮುಂದುವರಿಸಿದರು. "ಬದಲಿಸಿದ್ರ ಸ್ಫೂರ್ತಿ, ಇದ್ದಂಗ ಬರದ್ರ ಕಳವು ಅಂದ್ರಿ. ನಾ ಒಂದು ಅಕ್ಷರ ಬದಲ್ ಮಾಡಿಲ್ರಿ. ಹಂಗಾದ್ರ ಅವ್ವನ ಅಕ್ಕ, ನಮ್ಮ ಮಾವಶಿ ಕತಿ ನಾ ಕದ್ದಂಗಾಯ್ತು, ನಿಮಗ ಸ್ಫೂರ್ತಿ ಆಯ್ತು. ಹೌದಲ್ರಿ?"

ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿಕೊಂಡೆ.

"ನಿಮ್ಮ ಕತಿ ನೀವೇ ಇಟ್ಕೋರಿ, ನನಗೇನು ತಕರಾರಿಲ್ಲ," ಎಂದರು, ದನಿ ಈಗ ಮೆತ್ತಗಾಗಿತ್ತು. "ಮಾವಶಿ ಜನ್ಮದಾಗ ಈ ಮಾತು ಎತ್ತಿದಾಕಿ ಅಲ್ಲ. ನಿಮ್ಮ ಕತಿ ಓದಿ ಹೇಳಿದ ಮ್ಯಾಲ, ಖರೇ ಏನಂತ ನೀ ಬರಿ ಅಂದ್ಳು. ಅದಕ್ಕ ಬರ್ದೀನ್ರಿ. ಈಗ ಅದು ನಕಲು ಅಂತ ವಾಪಸ್ ಬಂದ್ರ ಅಕೀಗಿ ಏನಂತ ಹೇಳ್ಲಿ?"

ಕೆಂಪು ಶಾಯಿ ಅಳಿಸಲು ಕೂತೆ. 'ನಕಲು' ಹೋಗಲಿಲ್ಲ, ಕಾಗದ ಹರಿಯಿತು. ಟೀಚರಿಂದ ಕತೆಯ ಇನ್ನೊಂದು ಪ್ರತಿ ತರಿಸಿ ಉಳಿದಿಬ್ಬರು ತೀರ್ಪುಗಾರರಿಗೆ ಕೊಟ್ಟೆ. ಬಸ್ಸಿನ ಸಂಗತಿಯನ್ನು ನೌಬಾದದ ತನಕವೂ, ಈಚೆಗಿನದನ್ನೂ ಬಳಗದವರಿಗೆ ಹೇಳಿ ತೀರ್ಪಿನಿಂದ ಹಿಂದೆ ಸರಿದೆ. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮಾವಶಿ ನಿಮ್ಮನ್ನು ನೋಡಬೇಕಂತೆ ಎಂದು ಟೀಚರು ಹೇಳಿದ್ದರಿಂದ ಒಂದು ಭಾನುವಾರ ಭಾಲ್ಕಿಗೆ ಹೋದೆ. ರಜೆಯ ದಿನ ಭಾಲ್ಕಿಯ ಬಸ್ಸು ಹತ್ತಿದ್ದು ಅದೇ ಮೊದಲು. ಮಾವಶಿ ತಾವಿದ್ದ ತಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಪುಂಡಿಪಲ್ಯ ಸೋಸುತ್ತಿದ್ದರು. ನನಗಿಂತ ಮೊದಲೇ ಬಂದಿದ್ದ ಟೀಚರು ನನ್ನ ಗುರುತು ಹೇಳಿದರು. ಆಕೆ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ನನ್ನನ್ನ ತಾಯಿ ಮಾಡಿದವರು ನೀವೇನ್ರಿ?"

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಕ್ಷಮೆಯ ಮಾತೆಲ್ಲ ಮರೆತುಹೋಯಿತು. ಹೌದೆಂದು ತಲೆಯಾಡಿಸಿದೆ.

"ಎರಡು ಸಲ ಓದಿಸಿ ಕೇಳ್ದೆ," ಎಂದರು. "ಸುಳ್ಳದಂತ ಗೊತ್ತಿದ್ದೂ ಕೇಳ್ದೆ. ನನ್ನವು ಅಂತ ಮಕ್ಕಳಿದ್ರ ಹಿಂಗೇ ಇರ್ತಿತ್ತೇನೋ ಅನಿಸ್ತು."

ಅಷ್ಟು ಹೇಳಿ ಎದ್ದು ಒಳಗೆ ಹೋದರು.   ಆಕೆ ತಂಬಿಗೆಯಲ್ಲಿ ನೀರು ತಂದು ಬಾಗಿಲ ಒಳಗೇ ನಿಂತರು. ಯಾವ ಮುಖದಿಂದ ಒಳಗೆ ಹೋಗುವುದು? ಹೊಸ್ತಿಲ ಹೊರಗೆ ನಿಂತೇ ಕೈ ಚಾಚಿದೆ. ಆಕೆ ತಂಬಿಗೆ ಹಿಂದಕ್ಕೆ ಸರಿಸಿಕೊಂಡರು.

"ಒಳಗ ಬಂದು ಕುಡೀರಿ. ಹೊರಗ ನಿಲ್ಲೂದು ನಂದದರಿ. ಅದನ್ನರ ನಕಲ್ ಮಾಡಬ್ಯಾಡ್ರಿ."